ಎರಡೇ ಚುಕ್ಕಿ

ತೊಂಬತ್ನಾಲ್ಕು ಕೆಲ್ವಿನ್, ತೊಂಬತ್ಮೂರು, ದ್ರವ ಸಾರಜನಕದ ಹಬೆ ಮೇಜಿನ ಅಂಚಿನಿಂದ ಜಾರಿ ಅವನ ಚಪ್ಪಲಿಯ ಮೇಲೆ ಇಳಿಯುತ್ತಿದೆ, ಬೆರಳು ಮರಗಟ್ಟಿದರೂ ಕಾಲು ತೆಗೆಯಲಿಲ್ಲ, ತೊಂಬತ್ತೊಂದಕ್ಕೆ ಮೀಟರಿನ ಅಂಕಿ ಧೊಪ್ಪನೆ ಬಿದ್ದು ಸೊನ್ನೆಯಲ್ಲಿ ನಿಂತುಬಿಟ್ಟಿತು — ಸೊನ್ನೆ, ಕರೆಂಟಿಗೆ ರೋಧವೇ ಇಲ್ಲ, ಆರು ತಿಂಗಳು ಎಲ್ಲರೂ ಬಾಯಿ ಬಿಟ್ಟುಕೊಂಡು ಕಾದ ಸೊನ್ನೆ, ಅದೂ ಲ್ಯಾಬಿನ ಒಲೆ ನೋಡಿಕೊಳ್ಳುವ ಒಲೆಯಕ್ಕ ಬೇಯಿಸಿದ ತೆಳು ಫಿಲ್ಮಿನಲ್ಲೇ, ಅವಳ ಜಾಗಕ್ಕೆ ಹೊಸಬರು ಬರುವ ಮೊದಲು ಉಪಕರಣ ನೆಟ್ಟಗಿದೆಯೇ ನೋಡೋಣವೆಂದು ಡ್ರಾಯರಿನಲ್ಲಿ ಉಳಿದಿದ್ದ ಚೂರೊಂದನ್ನು ಎತ್ತಿಕೊಂಡದ್ದಷ್ಟೇ, ಈ ಸಲ ತಂತಿ ಕೂರಿಸಲು ಬೆಳ್ಳಿ ಪೇಸ್ಟಿನ ನಾಲ್ಕು ಚುಕ್ಕಿ ಇಟ್ಟು — ಹೊರಗಿನೆರಡರಲ್ಲಿ ಕರೆಂಟು, ಒಳಗಿನೆರಡರಲ್ಲಿ ವೋಲ್ಟೇಜು, ಮೊದಲ ವರ್ಷದ ಪಾಠ, ಥೂ. ಆ ಆರು ತಿಂಗಳೂ ಅವನು ಇಟ್ಟದ್ದು ಎರಡೇ. ಉಗುರಿನಗಲದ ಫಿಲ್ಮಿನಲ್ಲಿ ನಾಲ್ಕಿಡುವುದೆಂದರೆ ಕೈ ನಡುಗುತ್ತದೆ, ಪೇಸ್ಟು ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಎರಡೆರಡು ತಂತಿಯನ್ನು ಒಂದೇ ಚುಕ್ಕಿಗೆ ಸಿಕ್ಕಿಸಿದರೆ ಏನು ಮುಳುಗಿಹೋಗುತ್ತದೆ ಅಂದುಕೊಂಡಿದ್ದ, ಫಿಲ್ಮಿನ ರೋಧ ಮಾಯವಾದರೂ ಚುಕ್ಕಿಯದು ಎಲ್ಲಿಗೆ ಹೋದೀತು, ಪ್ರತಿ ಸಲವೂ ಮೂರು ಓಮ್, ಮೂರು ಓಮ್, ಅದನ್ನೇ ಅವಳ ಫಿಲ್ಮಿನ ರೋಧವೆಂದು ಬರೆದ. ಅವಳು ಕೇಳಿಯೂ ಇದ್ದಳು — ನಾಲ್ಕು ಚುಕ್ಕಿ ಇಟ್ಟಿದ್ದೀಯ ತಾನೆ ತಮ್ಮಾ, ಎಷ್ಟು ಸಲೀಸಾಗಿ ನಕ್ಕಿದ್ದ ಅವನು, ಏನಕ್ಕಾ, ನನಗೇ ಪಾಠ ಹೇಳ್ತೀರಾ, ಮೊದಲು ನಿಮ್ಮ ಒಲೆ ನೋಡ್ಕೊಳ್ಳಿ. ನೋಡಿಕೊಂಡಳು ಪಾಪ, ಶಾಖ ಏರಿಸಿ ಇಳಿಸಿ, ಆಮ್ಲಜನಕ ಹೆಚ್ಚು ಕಮ್ಮಿ ಮಾಡಿ, ಹೆಬ್ಬೆರಳು ಸುಟ್ಟುಕೊಂಡು, ಮೂವತ್ತೇಳು ಫಿಲ್ಮು, ಒಂದೊಂದನ್ನೂ ಅಂಗೈಯಲ್ಲಿಟ್ಟು ತಂದುಕೊಟ್ಟಳು, ಸೋಮವಾರ ಲ್ಯಾಬಿನ ಮೇಷ್ಟ್ರು ಎಲ್ಲರೆದುರೇ, ಇದು ನಿಮ್ಮ ಕೈಲಾಗಲ್ಲ ಕಣಮ್ಮ, ಒಲೆ ಬೇರೆಯವರಿಗೆ ಬಿಡಿ ಅಂದಾಗ ಅವಳು ತಲೆ ಬಗ್ಗಿಸಿ ಅವನ ಗ್ರಾಫನ್ನೇ ನೋಡುತ್ತಿದ್ದಳು, ಅವನು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ — ಮಾನಗೇಡಿ. ಆಗ ಗೊತ್ತಿರಲಿಲ್ಲ ಅನ್ನಬಹುದು, ಸುಳ್ಳು, ಅನುಮಾನವಿತ್ತು, ಒಂದು ಮಧ್ಯಾಹ್ನ ಕೂತಿದ್ದರೆ ತೀರುತ್ತಿತ್ತು, ಮೇಷ್ಟ್ರ ಮುಂದೆ ಮುಖ ತೋರಿಸುವುದು ಹೇಗೆಂದು ಕೂರಲಿಲ್ಲ.

ಬಾಗಿಲು ಕಿರುಗುಟ್ಟಿತು, ಅವಳೇ, ಕಂಕುಳಲ್ಲಿ ರಟ್ಟಿನ ಪೆಟ್ಟಿಗೆ, ಒಲೆಯ ಬೀಗದ ಕೈ ಮೇಜಿನ ಮೇಲಿಟ್ಟಳು, ಹೊಸಬರಿಗೆ ಕೊಟ್ಟುಬಿಡಪ್ಪ, ಒಲೆ ಬಾಗಿಲು ಸ್ವಲ್ಪ ಎತ್ತಿ ಹಾಕ್ಬೇಕು ಅಂತ ಹೇಳು, ಇದ್ಯಾವ ಫಿಲ್ಮೋ, ಎಷ್ಟು ಬಂತು, ಅಂದಳು — ಹೇಳು ಅಂದಿತು ಮನಸ್ಸು, ಈಗಲೇ ಹೇಳು, ಅಕ್ಕಾ ನಿಮ್ಮದೇ, ತಪ್ಪು ನಂದು — ಕೈ ಮಾತ್ರ ತಾನಾಗಿ ಎದ್ದು ಮೀಟರನ್ನು ಮುಚ್ಚಿತು, ಅವಳು ಬಗ್ಗಿ ನೋಡುತ್ತಿದ್ದಾಳೆ, ಅವನ ಬೆರಳ ಸಂದಿಯಲ್ಲಿ ಸೊನ್ನೆ, ಸೊನ್ನೆ, ಸೊನ್ನೆ