ಗ್ಯಾರಡ್ ಅವರ ಎಡ ಜೇಬು

ಅಂಚೆ ಕಚೇರಿಗೆ ಬರಿಗೈಯಲ್ಲಿ ಹೊರಟಾಗಲೂ ಪರ್ಸಿ ಗ್ಯಾರಡ್ ಅವರ ಬಲಗೈ ಕುಡುಗೋಲು ಬೀಸುವಂತೆ ಅತ್ತಿತ್ತ ತೂಗುತ್ತಿತ್ತು. ದೃಷ್ಟಿ ನೆಲ ಬಿಟ್ಟು ಏಳುತ್ತಿರಲಿಲ್ಲ. ಸಫೊಕ್ ಸೀಮೆಯ ಹೊಲಗಳಲ್ಲಿ ಲೋಹಶೋಧಕ ಯಂತ್ರ ಹಿಡಿದು ಅರ್ಧ ಆಯುಷ್ಯ ಸವೆಸಿದ ಜೀವ ಅದು. ಭಾನುವಾರ ಹೊಲಕ್ಕಿಳಿಯುವ ನಮ್ಮ ಬಳಗದಲ್ಲಿ ಅವರೇ ಹಿರಿಯರು. ಅವರ ಹಸಿರು ಕೋಟು ಸದಾ ಎಡಕ್ಕೆ ವಾಲಿರುತ್ತಿತ್ತು, ಏಕೆಂದರೆ ಬಲ ಜೇಬು ಬೆಲೆಬಾಳುವುದಕ್ಕೆ, ಎಡ ಜೇಬು ಕಸಕ್ಕೆ. ಬಲ ಜೇಬು ಎಂದೋ ಒಂದು ಸವೆದ ರೋಮನ್ ನಾಣ್ಯ ಕಂಡರೆ ಅದರ ಪುಣ್ಯ. ಎಡ ಜೇಬಿಗೆ ಮಾತ್ರ ಸುಗ್ಗಿಯೋ ಸುಗ್ಗಿ.

ಬಿಯರ್ ಕ್ಯಾನಿನಿಂದ ಕಿತ್ತೆಸೆದ ತಗಡಿನ ಕೊಂಡಿಗೆ ದನಿಗೊಡದಂತೆ ನಾವೆಲ್ಲ ಯಂತ್ರವನ್ನು ಹೊಂದಿಸಿ ಅದರ ಕಿವಿ ಮುಚ್ಚಿಸಿದ್ದೆವು. ಅವರು ಮುಚ್ಚಿಸಲಿಲ್ಲ.

"ಏನ್ರೀ ಪರ್ಸಿ, ಊರ ಕಸದ ಗುತ್ತಿಗೆ ನಿಮ್ದೇನಾ?" ಎಂದು ಗೆಳೆಯ ಕಾಲಿನ್ ಪಾಸ್ಕ್ ಛೇಡಿಸುತ್ತಿದ್ದ.

"ಮಣ್ಣು ಕೂಗಿದ್ರೆ ಓಗೊಡ್ಬೇಕಪ್ಪ. ಕೂಗಿದ್ದು ಯಾರು ಅಂತ ಅಗೆದ್ಮೇಲೆ ತಾನೆ ಗೊತ್ತಾಗೋದು?"

ಆದರೆ ಯಾರಾದರೂ ನಿಧಿಬೇಟೆಯ ಮಾತೆತ್ತಿದರೆ ಆ ಸಾಧುವಿಗೂ ಮೂಗಿನ ತುದಿಗೆ ಸಿಟ್ಟು ಬರುತ್ತಿತ್ತು. "ನಿಧಿಗಳ್ಳರು ಕದ್ದು ಬರ್ತಾರೆ. ನಾವು ಕೇಳ್ಕೊಂಡು ಬರೋರು. ಸಿಕ್ಕಿದ್ದನ್ನ ಹೊಲದೋರ ಮುಂದೆ ಇಡೋರು."

ಒಂದು ಸೆಪ್ಟೆಂಬರಿನಲ್ಲಿ, ಆಗತಾನೆ ಗಂಡನನ್ನು ಕಳೆದುಕೊಂಡಿದ್ದ ಆಲಿವ್ ಥರ್ಲೋ ಎಂಬಾಕೆ ನಮಗೆ ಹೇಳಿಕಳಿಸಿದರು. ಕುರಿಗಳಿಗೆ ಮೇವು ಹಾಕುವಾಗ ಬಡಕಲಾದ ಬೆರಳಿನಿಂದ ಮದುವೆಯ ಉಂಗುರ ಜಾರಿಬಿದ್ದಿತ್ತು. ಹುಲ್ಲುಗಾವಲನ್ನು ಗೇಣಿಗೆ ಕೊಟ್ಟಾಗಿತ್ತು, ಮರುದಿನವೇ ಉಳುಮೆ. ಮಣ್ಣು ಮಗುಚಿದರೆ ಉಂಗುರ ನಮ್ಮ ಯಂತ್ರಗಳಿಗೆ ನಿಲುಕದ ಆಳಕ್ಕೆ ಹೋಗುತ್ತಿತ್ತು.

ಊರಿನ ಬೇಸಿಗೆ ಮೇಳ ನಡೆಯುತ್ತಿದ್ದ ಆ ಜಾಗದಲ್ಲಿ ಹೆಜ್ಜೆಗೊಂದು ತಗಡಿನ ಕೊಂಡಿ. ಅದಕ್ಕೂ ಚಿನ್ನದುಂಗುರಕ್ಕೂ ಯಂತ್ರದಲ್ಲಿ ಒಂದೇ ದನಿ. ಕೊಂಡಿಗೆ ಕಿವುಡಾದ ಯಂತ್ರ ಚಿನ್ನಕ್ಕೂ ಕಿವುಡು. ನಾವು ಸೋತು ಬೇಲಿಯ ಬಳಿ ಚಹಾ ಹೀರುತ್ತಿದ್ದಾಗ ಪರ್ಸಿ ಮಾತ್ರ ಮಂಡಿಯೂರಿ, ಅಗೆದು, ಎದ್ದು, ಮತ್ತೆ ಮಂಡಿಯೂರುತ್ತಿದ್ದರು. ಎಡ ಜೇಬು ತುಂಬಿ, ಕಸವನ್ನು ಟೋಪಿಗೆ ಸುರಿಯತೊಡಗಿದ್ದರು. ಬಿಸಿಲು ಇಳಿಯುವ ಹೊತ್ತಿಗೆ ಕೈಯೆತ್ತಿ ಕರೆದರು.

ಉಂಗುರವನ್ನು ಅವರು ಮುಟ್ಟಿರಲಿಲ್ಲ. "ಕಳ್ಕೊಂಡೋರೇ ಎತ್ಕೋಬೇಕು ಆಲಿವಮ್ಮ," ಎಂದರು.

ಆಕೆ ನೋಯುವ ಮಂಡಿಯನ್ನು ಕಷ್ಟಪಟ್ಟು ಊರಿ, ಉಂಗುರವನ್ನು ಅಂಗೈಯಲ್ಲಿಟ್ಟುಕೊಂಡು, "ಎಲ್ಲಿಗ್ರೀ ಹೋಗಿದ್ರಿ?" ಎಂದು ಅದನ್ನೇ ಕೇಳಿದರು. ನಾವೆಲ್ಲ ಮುಖ ತಿರುಗಿಸಿದೆವು. ಬಳಿಕ ಆಕೆ ಕೃತಜ್ಞತೆ ಹೇಳಲು ತಡವರಿಸಿದಾಗ ಪರ್ಸಿ ತಡೆದರು. "ಗೇಟು ತೆಗೆದು ಒಳಗೆ ಬಿಟ್ರಲ್ಲ, ಥ್ಯಾಂಕ್ಸ್ ನಾನ್ ಹೇಳ್ಬೇಕು."

ಅಷ್ಟು ಹೇಳಿ, ತಾವು ಅಗೆದ ಗುಂಡಿಗಳತ್ತ ಮರಳಿ, ಒಂದೊಂದಕ್ಕೂ ಹುಲ್ಲಿನ ಹೆಂಟೆಯನ್ನು ಮತ್ತೆ ಕೂರಿಸಿ ಕಾಲಿನಿಂದ ಮೆಲ್ಲಗೆ ಒತ್ತತೊಡಗಿದರು.

"ನಾಳೆ ಹೇಗೂ ಉಳ್ತಾರಲ್ರೀ!" ಎಂದ ಕಾಲಿನ್.

"ಉಳ್ಲಿ. ಇವತ್ತು ಇನ್ನೂ ಹುಲ್ಲುಗಾವಲೇ ಅಲ್ವಾ?"

ಭೂಮಿಯಿಂದ ಏನನ್ನಾದರೂ ಪಡೆದವರು ಅದನ್ನು ಬಗೆದು ಹಾಗೇ ಬಿಟ್ಟುಹೋಗುವುದು ಲೋಕದ ರೂಢಿ. ಪಡೆದ ಮೇಲೂ ಹಿಂದಿರುಗಿ, ತಾವು ಮಾಡಿದ ಗಾಯವನ್ನು ಮುಚ್ಚಿ ಹೋಗುವವರು ವಿರಳ. ಅಂಥವರ ಜೊತೆ ಒಂದಷ್ಟು ಹೊಲಗಳನ್ನು ನಡೆದೆನಲ್ಲ, ಆ ಭಾಗ್ಯಕ್ಕೆ ನಾನು ಋಣಿ. ನನ್ನ ಯಂತ್ರ ಈಗ ಕೊಂಡಿಗಳಿಗೂ ಕೂಗುತ್ತದೆ.