ಪಟ್ಟಿಯ ಅರ್ಜುನಪ್ಪ

ಮೋಟರ್‌ಸೈಕಲ್ಲುಗಳ ಸದ್ದು ಗೇಟಿನೆದುರು ಬಂದು ಒಂದೊಂದಾಗಿ ಆರಿತು, ನಾಲ್ಕು, ಐದು, ಆರನೆಯದೂ ನಿಂತಿತು, ನವನಗರದ ಈ ಮನೆಗೆ ಮಧ್ಯಾಹ್ನದ ಹೊತ್ತು ಇಷ್ಟು ಗಾಡಿಗಳು ಬಂದರೆ ಮೊದಲೆಲ್ಲ ಹಾರ ಬಂತೆಂದೇ ಅರ್ಥ, ಅರ್ಜುನಪ್ಪ ಪರದೆಯ ಅಂಚು ಸರಿಸಿ ನೋಡಿದ, ಎಲ್ಲರೂ ತಾನೇ ಪಕ್ಷಕ್ಕೆ ತಂದ ಕಾರ್ಯಕರ್ತರು, ಯಾರ ಕೈಯಲ್ಲೂ ಹಾರವಿಲ್ಲ, ಶಿದ್ದಪ್ಪನ ಕೈಯಲ್ಲಿ ಮಾತ್ರ ಒಂದು ಕಾಗದ — ಕಾಗದ ಹಿಡಿಯುವುದನ್ನು ಕಲಿಸಿದ್ದೂ ತಾನೇ, ಎತ್ತಿ ಹಿಡೀಬೇಕು, ಓದಬಾರದು, ಆರು ವರ್ಷದ ಹಿಂದೆ ಪಾಲಿಕೆಯ ಸಭೆಯಲ್ಲಿ ತಾನು ಹಾಗೆಯೇ ಎತ್ತಿ ಹಿಡಿದಿದ್ದ, ಈ ಊರಾಗ ಐವತ್ತೇಳು ಮಂದಿ ಕೆಂಪು ಬಾವುಟದವರು ಅದಾರ, ದೇಶ ಮುರಿಯಾಕತ್ತಾರ, ಎಲ್ಲಾರ ಹೆಸರೂ ಇದರಾಗ ಅದಾವ, ಅಂದಿದ್ದ, ಇದ್ದದ್ದು ಒಂಬತ್ತೇ ಹೆಸರು, ಉಳಿದವನ್ನು ಟಿವಿಯವರು ಕೇಳಿದಾಗೆಲ್ಲ ಕೂಡಿಸುತ್ತ ಹೋದ, ವಿದ್ಯಾನಗರದ ಕಾಲೇಜೊಂದರ ರೆಬೆಕಾ ಮೇಡಮ್ಮು ಪೌರಕಾರ್ಮಿಕರ ಮೆರವಣಿಗೆಯಲ್ಲಿ ನಡೆದಿದ್ದಳು, ಪಟ್ಟಿಗೆ ಸೇರಿಸಲು ಅಷ್ಟು ಸಾಕಾಯಿತು, ಅವಳ ನೌಕರಿ ಹೋಯಿತು, ಇವನಿಗೆ ಜಿಲ್ಲಾ ಕಾರ್ಯದರ್ಶಿಯ ಪದವಿ ಬಂತು, ಆಮೇಲೆ ನಿಗಮದ್ದೊಂದು ಕುರ್ಚಿ, ಇನ್ನೇನು ವಿಧಾನಸಭೆಯ ಟಿಕೆಟ್ಟು — ಅದು ಪಕ್ಷದ ಅಧ್ಯಕ್ಷರ ಅಳಿಯನಿಗೆ ಅಂತ ಸುದ್ದಿ ಬಂದ ದಿನ ನಾಲಿಗೆ ತಡೆಯಲಿಲ್ಲ, ಆ ಅಳಿಯನೂ ಕೆಂಪು ಬಾವುಟದವನೇ ಅಂದುಬಿಟ್ಟ, ಅಧ್ಯಕ್ಷರು ನಕ್ಕರು, ಹೌದೇನ್ರಿ ಅರ್ಜುನಪ್ಪ, ಹಂಗಾರ ಎಲ್ಲಾರದೂ ತಪಾಸ ಮಾಡಸೂಣು, ನಿಮ್ಮದೂ ಅಂತ ಅವರು ಅನ್ನಲಿಲ್ಲ, ಅನ್ನಬೇಕಾಗಿರಲಿಲ್ಲ. ಹತ್ತು ದಿನದೊಳಗೆ ಒಂದು ಫೋಟೋ ಹೊರಬಂತು, ಯಾವುದೋ ಹಳೆಯ ಪತ್ರಿಕೆಯದು, ಗಿರಣಿ ಮುಚ್ಚಿದ ವರ್ಷದ ಧರಣಿ, ಇಪ್ಪತ್ತು ವಯಸ್ಸಿನ ಅರ್ಜುನಪ್ಪ ಕೆಂಪು ಬಾವುಟ ಹಿಡಿದು ನಿಂತಿದ್ದಾನೆ, ಪಕ್ಕದಲ್ಲಿ ಲೇಥ್ ಅಂಗಡಿಯ ಮಕಬೂಲಸಾಬ, ಅರ್ಜುನಪ್ಪನ ಅಪ್ಪನನ್ನು ಗಿರಣಿಯವರು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲಿ ಅಂತ ಒಂಬತ್ತು ದಿನ ಉಪವಾಸ ಕೂತವನು ಅವನು, ಪಟ್ಟಿಯ ಮೊದಲ ಹೆಸರೂ ಅವನದೇ, ಹಳೆಯದನ್ನು ಬಲ್ಲವ ಅವನೊಬ್ಬನೇ ಅಲ್ಲವೇ, ಬಾಯಿ ಬಿಡುವ ಮೊದಲೇ ಆ ಬಾಯಿಗೆ ಬೆಲೆ ಇರದಂತೆ ಮಾಡಬೇಕಿತ್ತು — ಅವನು ಬಾಯಿ ಬಿಡಲೇ ಇಲ್ಲ, ಹನ್ನೊಂದು ತಿಂಗಳು ಜೇಲಿನಲ್ಲಿದ್ದಾಗಲೂ, ಹೊರಬಂದು ಹೆಬ್ಬಳ್ಳಿಯಲ್ಲಿ ಮಗಳು ನಜ್ಮಾಳ ಮನೆಯಲ್ಲಿ ಕೆಮ್ಮಿ ಕೆಮ್ಮಿ ಸಾಯುವಾಗಲೂ. ಗೇಟು ತೆರೆದ ಸದ್ದು, ಅಣ್ಣಾರ, ಹೊರಗ ಬರ್ರಿ, ಒಂದ ಮಾತ ಐತಿ, ಶಿದ್ದಪ್ಪನ ದನಿ, ಎಷ್ಟು ಮೆತ್ತಗೆ, ರೆಬೆಕಾಳ ಮನೆಗೆ ಇವರನ್ನು ಕಳಿಸಿದ ದಿನ ಬಾಗಿಲಲ್ಲಿ ಹೀಗೇ ಮಾತಾಡಬೇಕೆಂದು ತಾನೇ ಹೇಳಿಕೊಟ್ಟಿದ್ದ, ನೀವ ಬರ್ತೀರೋ ನಾವ ಒಳಗ ಬರೂಣೋ, ಚಿಲಕ ಹಾಕಿದ್ದೇನಾ ಇಲ್ಲವಾ, ಫೋನು ಮಾಡಬೇಕು, ಯಾರಿಗೆ, ಮಾಡಲು ಯಾರಿದ್ದಾರೆ, ಮಕಬೂಲಸಾಬನನ್ನು ಪೊಲೀಸರು ಹಿಡಿದೊಯ್ದ ದಿನ ಟಿವಿಯವರ ಜತೆ ತಾನೂ ಹೋಗಿ ನಿಂತಿದ್ದ, ಜೀಪು ಹತ್ತುವ ಮೊದಲು ಅವನು ತಿರುಗಿದ, ಬೈಯಲಿಲ್ಲ, ಬಲಗೈ ಎತ್ತಿ ತೋರಿಸಿದ, ನೋಡಪಾ ಅರ್ಜುನಾ, ಕೆಂಪ ಎಲ್ಲೈತಿ ಇದರಾಗ, ಎಣ್ಣೆ ಹತ್ತಿ ಹತ್ತಿ ಗೆರೆಯೂ ಕಾಣದ ಅಂಗೈ, ಮಣಿಕಟ್ಟಿನವರೆಗೂ ಕರಿ, ಮೆಟ್ಟಿಲ ಮೇಲೆ ಕಾಲುಗಳು, ಆ ಕೈ, ಬಾಗಿಲು ಬಡಿಯುತ್ತಿದ್ದಾರೆ, ಆ ಕೈ, ಕಣ್ಣಿಗೆ ಅಡ್ಡ ಹಿಡಿದ ಹಾಗೆ, ಆ ಕರಿ ಅಂಗೈ —