ಟಪಾಲಪ್ಪನ ಸಾಕ್ಷಿ

ಎರಡನೆಯ ಮಹಡಿಯ ತಿರುವಿನಲ್ಲಿ ಪೆಟ್ಟಿಗೆ ಗೋಡೆಗೆ ಸಿಕ್ಕಿಕೊಂಡಿತು. ಮುಂದೆ ಹಿಡಿದವರು ಇಳಿಸಿ ಎನ್ನುತ್ತಿದ್ದರು, ಹಿಂದೆ ಹಿಡಿದವರು ಎತ್ತಿ ಎನ್ನುತ್ತಿದ್ದರು.

"ಕೆಳಗೆ ಯಾರಿದ್ದೀರಪ್ಪಾ? ಬಂದು ಒಂದು ಕೈ ಹಾಕಿ."

ಕೆಳಗಿದ್ದವರು ಸತ್ತವನ ಹಳೆಯ ಮೇಲಧಿಕಾರಿ, ಸಾಹೇಬರು ಒಬ್ಬರೇ. ಪತ್ರಿಕೆಯ ಮೂಲೆಯಲ್ಲಿ ಮೂರು ಸಾಲಿನ ಸಾವಿನ ಸುದ್ದಿ ನೋಡಿ ಬಂದಿದ್ದರು. ಮನೆಯವರಿಗೆ ಮುಖ ತೋರಿಸಿ, ಗಾಡಿ ಹೊರಡುವ ಮುನ್ನ ಮೆಲ್ಲಗೆ ಜಾರಿಕೊಳ್ಳುವುದು ಅವರ ಲೆಕ್ಕಾಚಾರ. ಈಗ ಬೇರೆ ದಾರಿ ಕಾಣದೆ ಮೆಟ್ಟಿಲು ಹತ್ತಿ, ಎಪ್ಪತ್ತೊಂದು ವರ್ಷದ ಹೆಗಲನ್ನು ಪೆಟ್ಟಿಗೆಯ ಮೂಲೆಗೆ ಕೊಟ್ಟರು. ಒಳಗಿದ್ದವನು ಬದುಕಿದ್ದಾಗ ಕಡ್ಡಿಯಂತಿದ್ದ. ಇಷ್ಟು ಭಾರ ಎಲ್ಲಿಂದ ಬಂತೋ.

"ಅರೆ, ನಮ್ಮ ಸಾಹೇಬ್ರು," ಎಂದಿತು ಪಕ್ಕದ ಮೂಲೆಯಿಂದ ಒಂದು ದನಿ.

ಸಾಹೇಬರು ದುಡಿದ ಇಲಾಖೆಯ ಹಳೆಯ ಜವಾನ. ಅವನ ಕಿವಿಗೆ ಬಿದ್ದ ಮಾತು ಊಟದ ಹೊತ್ತಿಗೆ ಕಚೇರಿಯ ಐದೂ ಮಹಡಿ ಸುತ್ತಿ ಬರುತ್ತಿದ್ದುದರಿಂದ ಎಲ್ಲರೂ ಅವನನ್ನು ರೇಡಿಯೊ ಎನ್ನುತ್ತಿದ್ದರು. ಸಾಹೇಬರು ಮುಖವನ್ನು ಗೋಡೆಯತ್ತ ತಿರುಗಿಸಿದರು. ಈ ರೇಡಿಯೊ ಒಂದೇ ಒಂದು ಸುದ್ದಿಯನ್ನು ಹದಿನಾರು ವರ್ಷ ಬಿತ್ತರಿಸದೆ ಇಟ್ಟುಕೊಂಡಿತ್ತು.

ಗಾಡಿಯಲ್ಲಿ ಸತ್ತವನ ಹೆಂಡತಿ ಅವರನ್ನು ಬಿಡದೆ ಪಕ್ಕದಲ್ಲೇ ಕೂರಿಸಿಕೊಂಡಳು. ಎದುರಿಗೆ ಮಗಳು, ಶಾಲೆಯಲ್ಲಿ ಪಾಠ ಹೇಳುವವಳು, ಕಿಟಕಿಯಾಚೆ ನೋಡುತ್ತಿದ್ದಳು.

"ನೀವು ಬಂದ್ರಲ್ಲ, ಅದೇ ದೊಡ್ಡದು," ಎಂದಳು ಹೆಂಡತಿ. "ಅವತ್ತು ನೀವಿಲ್ದಿದ್ರೆ ಇವರ ಕೆಲಸ ಹೋಗಿ ನಾವು ಬೀದಿಗೆ ಬೀಳ್ತಿದ್ವಿ. ಸಾಹೇಬ್ರು ಕಾಪಾಡಿದ್ರು ಅಂತ ಇವರೇ ಹೇಳಿದ್ರು."

ಸಾಹೇಬರು ಕೆಮ್ಮಿದರು.

"ನಾನಂತೂ ಸುಮ್ನಿರ್ತಿರಲಿಲ್ಲ. ಸೋಪು ತರೋದು ಮರೆತು ಬಂದ್ರೂ ಕುಟುಕ್ತಿದ್ದೆ. ನಿಮ್ಮ ಮರೆವಿಗೆ ಅಷ್ಟು ಜನ ಜೀವ ಕಳ್ಕೊಂಡಿದ್ದು ಸಾಲದಾ ಅಂತ."

"ಅದಕ್ಕೆ ಅವರು ಏನಂತಿದ್ರು?"

"ಏನಂತಾರೆ? ಚಪ್ಪಲಿ ಮೆಟ್ಕೊಂಡು ಮತ್ತೆ ಅಂಗಡಿಗೆ ಹೋಗ್ತಿದ್ರು."

*

ಸತ್ತವನು ಇಲಾಖೆಯ ಟಪಾಲು ವಿಭಾಗದ ಗುಮಾಸ್ತನಾಗಿದ್ದ. ಬಂದ ಕಾಗದಕ್ಕೆ ತಾರೀಖಿನ ಮುದ್ರೆ ಒತ್ತಿ, ಆವಕ ಪುಸ್ತಕದಲ್ಲಿ ಬರೆದು, ಸಂಬಂಧಪಟ್ಟ ಅಧಿಕಾರಿಗೆ ಕಳಿಸುವುದು ಕೆಲಸ. ಸ್ವಂತ ಹೆಸರು ಸಂಬಳದ ದಿನ ಬಿಟ್ಟರೆ ಯಾರಿಗೂ ಬೇಕಾಗುತ್ತಿರಲಿಲ್ಲ. ಟಪಾಲಪ್ಪ ಎಂದರೆ ಮುಗಿಯಿತು.

ದೂರದ ಒಂದು ದೇಶದಲ್ಲಿ ಎಂಟು ವರ್ಷ ಯುದ್ಧ ಮಾಡಿ ನಮ್ಮ ಸೈನ್ಯ ಮರಳಿದ ವರ್ಷ ಅದು. ಸೈನ್ಯಕ್ಕೆ ಅಲ್ಲಿಯವರೇ ದುಭಾಷಿಗಳಾಗಿದ್ದರು, ಗಾಡಿ ಓಡಿಸಿದ್ದರು, ದಾರಿ ತೋರಿಸಿದ್ದರು. ನಮ್ಮವರು ವಿಮಾನ ಹತ್ತಿದರು, ಅವರು ಅಲ್ಲೇ ಉಳಿದರು. ತಿಂಗಳು ತುಂಬುವುದರೊಳಗೆ ಕಾಗದಗಳು ಬರತೊಡಗಿದವು. ನಿಮಗಾಗಿ ದುಡಿದೆವೆಂದು ನಮ್ಮನ್ನು ಕೊಲ್ಲಲು ಹುಡುಕುತ್ತಿದ್ದಾರೆ, ಕರೆಸಿಕೊಳ್ಳಿ. ನಿಮ್ಮ ಸೇನಾಧಿಕಾರಿ ಮಾತು ಕೊಟ್ಟಿದ್ದರು.

ಟಪಾಲಪ್ಪ ಒಂದೊಂದನ್ನೂ ಓದಿ, ಬರೆದುಕೊಂಡು, ರೇಡಿಯೊ ಕೈಯಲ್ಲಿ ಸಾಹೇಬರ ಕೋಣೆಗೆ ಕಳಿಸಿದ. ಸಾಹೇಬರು ಆಗ ಉಪಕಾರ್ಯದರ್ಶಿ. ಮೇಲಿನಿಂದ ಫೋನು ಬಂದಿತ್ತು: ಚುನಾವಣೆ ಮುಗಿಯಲಿ, ಅಲ್ಲಿಯವರೆಗೆ ಈ ಕಾಗದಗಳು ಬಂದೇ ಇಲ್ಲ. ಈ ಆದೇಶವನ್ನು ಬರೆದು ಕೊಡಿ ಎಂದು ಕೇಳುವ ಧೈರ್ಯ ಸಾಹೇಬರಿಗೆ ಬರಲಿಲ್ಲ. ಕಪಾಟಿನ ಕೆಳಗಿನ ಅಂಕಣದಲ್ಲಿಟ್ಟು ಬೀಗ ಹಾಕಿದರು. ಟಪಾಲಪ್ಪ ಎರಡು ಸಲ ಬಾಗಿಲ ಬಳಿ ನಿಂತು, "ಸಾರ್, ಆ ಹೊರದೇಶದ ಕಾಗದಗಳು..." ಎಂದ. "ನೋಡ್ತಾ ಇದೀನಿ," ಎಂದರು. ಮೂರನೆಯ ಸಲ ಅವನು ಕೇಳಲಿಲ್ಲ.

ಹನ್ನೊಂದು ತಿಂಗಳು ಕಳೆದವು.

*

"ಅಪ್ಪ ಕೊನೇ ನಾಲ್ಕು ದಿನ ಆಸ್ಪತ್ರೇಲಿ ಬರೀ ಹೆಸರು ಹೇಳ್ತಿದ್ರು," ಎಂದಳು ಮಗಳು. ಗಾಡಿ ಸ್ಮಶಾನದ ಗೇಟಿನ ಹೊರಗೆ ನಿಂತಿತ್ತು. ತಾಯಿ ಇಳಿದು ಮುಂದೆ ಹೋಗಿದ್ದಳು. "ನಮ್ಮ ಕಡೆಯ ಹೆಸರಲ್ಲ. ಒಂದೊಂದು ಹೆಸರಿಗೆ ಒಂದು ಊರು, ಒಂದು ತಾರೀಖು. ನನ್ನ ಗುರುತು ಹಿಡೀಲಿಲ್ಲ, ಆದ್ರೆ ಅದು ಮಾತ್ರ ತಡವರಿಸದೆ ಬರ್ತಿತ್ತು."

"ವಯಸ್ಸಾದ ಮೇಲೆ ಹಾಗೇನೇ."

"ಸಮಿತಿಯ ವರದಿ ಓದಿದೀನಿ ಸಾರ್. ಸಂಸತ್ತಿನ ಗ್ರಂಥಾಲಯದಲ್ಲಿ ಕೂತು ನೀವು ಹೇಳಿದ ಸಾಕ್ಷಿನೂ ಓದಿದೆ. ಇಷ್ಟೆಲ್ಲ ನೆನಪಿಟ್ಕೊಂಡ ಅಪ್ಪ ಕಾಗದಗಳನ್ನ ಮಾತ್ರ ಹೇಗೆ ಮರೆತ್ರು, ಅದು ನಂಗೆ ಅರ್ಥ ಆಗಿಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಉತ್ತರಪತ್ರಿಕೆ ನೋಡುವ ಟೀಚರಿನ ತಾಳ್ಮೆ ಇತ್ತು. "ನಿಮಗೆ ನೆನಪಿದೆಯಾ? ಆ ಹೆಸರುಗಳಲ್ಲಿ ಒಂದಾದ್ರೂ?"

ಸಾಹೇಬರು ನೆನಪನ್ನು ತಡಕಿದರು. ಬೀಗದ ಕೈಯ ಆಕಾರ ನೆನಪಾಯಿತು. ನೀಲಿ ಅಂಚಿನ ಲಕೋಟೆಗಳು ನೆನಪಾದವು. ಸೈನಿಕರ ಹೆಗಲ ಮೇಲೆ ಕೈಹಾಕಿ ನಗುತ್ತಿದ್ದವರ ಫೋಟೊಗಳಿಂದ ಲಕೋಟೆಗಳು ಉಬ್ಬಿ, ಕಪಾಟಿನ ಬಾಗಿಲು ಸರಿಯಾಗಿ ಮುಚ್ಚದೆ, ತಾವು ಮೊಣಕಾಲಿನಿಂದ ಒತ್ತಿ ಬೀಗ ಹಾಕಿದ್ದೂ ನೆನಪಾಯಿತು.

ಹೆಸರು ಒಂದೂ ನೆನಪಾಗಲಿಲ್ಲ.

*

ಚುನಾವಣೆಯೇನೋ ಮುಗಿಯಿತು. ಆದರೆ ಯಾರೋ ಪತ್ರಕರ್ತೆ, ಕಾಗದ ಬರೆದು ಕಾಯುತ್ತಲೇ ಕೊಲೆಯಾದವರ ಮನೆಗಳಿಗೆ ಹೋಗಿ ಬಂದು ಬರೆದಳು. ಸಂಸತ್ತು ಸಮಿತಿ ಮಾಡಿತು. ಯುದ್ಧ ಮುಗಿದ ಮೇಲೆ ಸರ್ಕಾರದ ಹೊಣೆ ಏನಿತ್ತು, ಅದನ್ನು ನಿಭಾಯಿಸಿತೇ ಎಂದು ವಿಚಾರಿಸಲು.

ವಿಚಾರಣೆಯ ಹಿಂದಿನ ದಿನ ಸಾಹೇಬರು ಟಪಾಲಪ್ಪನನ್ನು ಕರೆಸಿ ಕುರ್ಚಿ ತೋರಿಸಿದರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ. ಅವನು ತುದಿಯಲ್ಲಿ ಕೂತ.

"ಈ ವಿಷಯ ಮಂತ್ರಿಗಳವರೆಗೆ ಹೋದರೆ ಸರ್ಕಾರವೇ ಅಲ್ಲಾಡುತ್ತೆ. ಟಪಾಲಿನಲ್ಲೇ ಉಳಿದುಹೋಯ್ತು ಅಂದರೆ ಇಲ್ಲಿಗೇ ಮುಗಿಯುತ್ತೆ. ನಿಮ್ಮ ಕೆಲಸಕ್ಕೆ ಏನೂ ಆಗದ ಹಾಗೆ ನಾನು ನೋಡ್ಕೊಳ್ತೀನಿ."

ಟಪಾಲಪ್ಪ ಕಪಾಟನ್ನು ನೋಡಿದ. "ಹಾಗಂದ್ರೆ, ಕಾಗದಗಳು ಈಗಲಾದ್ರೂ ಮುಂದೆ ಹೋಗ್ತಾವಾ ಸಾರ್?"

"ಮಾರನೇ ದಿನವೇ ಹೋಗ್ತವೆ."

"ಸರಿ ಹಾಗಾದ್ರೆ."

ಸಮಿತಿಯ ಅಧ್ಯಕ್ಷೆ ವಯಸ್ಸಾದ ಹೆಂಗಸು. ಕಿವಿ ಮಂದ, ಪ್ರಶ್ನೆ ಚೂಪು. "ಅಲ್ಲಿ ನಮಗಾಗಿ ದುಡಿದವರ ಹೊಣೆ ಸರ್ಕಾರದ್ದು ಎಂದು ಒಪ್ಪುತ್ತೀರಾ?"

"ಒಪ್ಪುತ್ತೇವೆ," ಎಂದರು ಸಾಹೇಬರು.

"ಮತ್ತೆ ಹನ್ನೊಂದು ತಿಂಗಳು ಉತ್ತರ ಯಾಕಿಲ್ಲ?"

"ಟಪಾಲು ವಿಭಾಗದಲ್ಲೇ ಉಳಿದುಹೋಗಿದ್ದವು. ಅಧಿಕಾರಿಗಳ ಗಮನಕ್ಕೆ ಬರಲಿಲ್ಲ."

"ಆವಕ ಪುಸ್ತಕ?"

"ಕೋಣೆ ಬದಲಾಯಿಸುವಾಗ ಕಳೆದುಹೋಗಿದೆ."

ಆಮೇಲೆ ಟಪಾಲಪ್ಪನನ್ನು ಕರೆದರು. ಅವನು ಗುಂಡಿಯೆಲ್ಲ ಹಾಕಿಕೊಂಡು ನಿಂತ. ಕಾಗದಗಳು ಅವನ ಕೈಗೆ ಬಂದಿದ್ದವೇ ಎಂದು ಅಧ್ಯಕ್ಷೆ ಕೇಳಿದರು.

"ಬಂದಿದ್ವು ಅಮ್ಮ. ಎಲ್ಲಾನೂ ಓದಿದೆ. ಓದಿದ ಮೇಲೂ ಸುಮ್ನಿದ್ದೆ. ಎರಡು ಸಲ ಬಾಯಿಬಿಟ್ಟೆ, ಮೂರನೇ ಸಲ ಹೆದರಿದೆ. ತಪ್ಪು ನಂದು."

"ಯಾರ ಹತ್ತಿರ ಬಾಯಿಬಿಟ್ಟಿರಿ?"

ಅವನು ಸಾಹೇಬರ ಕಡೆ ನೋಡಲಿಲ್ಲ. ಎದುರಿನ ನೀರಿನ ಲೋಟ ನೋಡಿದ. "ತಪ್ಪು ನಂದು ಅಮ್ಮ," ಎಂದ ಮತ್ತೊಮ್ಮೆ. ಕಣ್ಣೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು, ಅದು ನಟನೆಯಲ್ಲ. ಕಪಾಟಿಗೆ ಬೀಗ ಹಾಕಿದವರಿಗೆ ಬಾರದ ನಾಚಿಕೆ, ಬಾಗಿಲಲ್ಲಿ ನಿಂತವನಿಗೆ ಬಂದಿತ್ತು.

ವರದಿಯಲ್ಲಿ ಒಂದು ಸಾಲು: ಕೆಳಹಂತದ ನೌಕರನ ನಿರ್ಲಕ್ಷ್ಯ. ಕಾಗದಗಳು ಮುಂದೆ ಹೋದದ್ದು ನಿಜ. ಬರೆದವರು ಇನ್ನೂರ ಹದಿನಾಲ್ಕು ಜನ. ಎಂಬತ್ತೊಂಬತ್ತು ಜನ ಅಷ್ಟರಲ್ಲಿ ಜೀವ ಕಳೆದುಕೊಂಡಿದ್ದರು. ಸಾಹೇಬರು ಕಾರ್ಯದರ್ಶಿಯಾದರು. ಟಪಾಲಪ್ಪ ನೆಲಮಾಳಿಗೆಯ ಹಳೆ ಕಡತಗಳ ಕೋಣೆ ಸೇರಿ, ಒಂಬತ್ತು ವರ್ಷ ದೂಳು ಕುಡಿದು ನಿವೃತ್ತನಾದ.

*

ಪೆಟ್ಟಿಗೆಯನ್ನು ಗುಂಡಿಗೆ ಇಳಿಸಿದರು. ಹತ್ತೊಂಬತ್ತು ಜನ ಸೇರಿದ್ದರು. ಹಗ್ಗ ಎಳೆದುಕೊಂಡ ಮೇಲೆ ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ.

"ಸಾಹೇಬ್ರು ಎರಡು ಮಾತಾಡ್ಲಿ," ಎಂದಳು ಹೆಂಡತಿ. "ಇವರನ್ನ ಬಲ್ಲವರು ಅವರೇ."

ಸಾಹೇಬರು ಮುಂದೆ ಬಂದರು. ಇಂಥ ಸಂದರ್ಭದ ಮಾತುಗಳು ಅವರಿಗೆ ನಾಲಿಗೆಯ ತುದಿಯಲ್ಲೇ ಇದ್ದವು. "ಇವರು ನಮ್ಮ ಇಲಾಖೆಯ ನಿಷ್ಠಾವಂತ..." ಎಂದು ಶುರುಮಾಡಿದರು. ಮಗಳು ನೋಡುತ್ತಿದ್ದಳು. ರೇಡಿಯೊ ತಲೆತಗ್ಗಿಸಿ ಚಪ್ಪಲಿಯಿಂದ ನೆಲ ಕೆದಕುತ್ತಿದ್ದ. ಮಾತು ಅಲ್ಲಿಗೇ ನಿಂತಿತು.

"ಕಾಗದಗಳು ನನ್ನ ಕಪಾಟಿನಲ್ಲಿದ್ದವು," ಎಂದರು. "ಇವರು ಕಳಿಸಿದ್ದರು. ನಾನೇ ಬೀಗ ಹಾಕಿದೆ. ಪುಸ್ತಕ ಕಳೆದಿರಲಿಲ್ಲ, ನಾನೇ ಸುಟ್ಟೆ. ಇವರೇನೂ ಮರೆತಿರಲಿಲ್ಲ."

ಗುಂಡಿ ತೋಡಿದ ಇಬ್ಬರೂ ಸಲಿಕೆಗೆ ಒರಗಿ ನಿಂತರು. ಹಿಂದಿನ ಸಾಲಿನ ಯಾರೋ ಪಕ್ಕದವರನ್ನು ಏನಂದರು ಎಂದು ಕೇಳಿದರು.

"ನಂಗೊತ್ತಿತ್ತಕ್ಕಾ," ಎಂದ ರೇಡಿಯೊ, ಹೆಂಡತಿಯ ಕಡೆ ತಿರುಗಿ. "ಕಾಗದ ಹೊತ್ತು ಅವರ ಕೋಣೆಗೆ ಹಾಕಿದವನೇ ನಾನು. ಯಾರಿಗೂ ಹೇಳ್ಬೇಡ, ಹೇಳಿದ್ರೆ ಕಾಗದ ಮುಂದೆ ಹೋಗಲ್ಲ ಅಂತ ಟಪಾಲಪ್ಪ ಮಾತು ತಗೊಂಡಿದ್ದ. ಆಮೇಲೆ ಹೇಳೋಣ ಅಂದ್ರೆ ಬಾಯಿ ಬರಲಿಲ್ಲ."

ಹೆಂಡತಿ ಅಳಲಿಲ್ಲ. "ಹದಿನಾರು ವರ್ಷ," ಎಂದಳು, ಯಾರಿಗೂ ಅಲ್ಲ.

ಒಬ್ಬೊಬ್ಬರೇ ಹಿಡಿಮಣ್ಣು ಹಾಕಬೇಕಿತ್ತು. ಮಾತಾಡಿದವರೇ ಮೊದಲು ಹಾಕಲಿ ಎಂದು ಸಲಿಕೆಯವನು ಮಣ್ಣು ಒಡ್ಡಿದ. ಸಾಹೇಬರು ಒಂದು ಹಿಡಿ ತೆಗೆದುಕೊಂಡು ಗುಂಡಿಯ ಅಂಚಿಗೆ ಬಂದರು.

"ಸ್ವಲ್ಪ ನಿಲ್ಲಿ," ಎಂದಳು ಹೆಂಡತಿ. "ಮುಚ್ಚೋ ಮುಂಚೆ ಇವರ ಹತ್ರ ನಂಗೆ ಮಾತಾಡೋದಿದೆ."

ಮೊಣಕಾಲೂರಿ ಅಂಚಿನಲ್ಲಿ ಕೂತು, ಒಳಗೆ ಬಾಗಿ, ಗೋಡೆಯಾಚೆ ಮಕ್ಕಳು ಮಲಗಿರುವಾಗ ಗಂಡನೊಡನೆ ಮಾತಾಡುವಷ್ಟು ತಗ್ಗಿದ ದನಿಯಲ್ಲಿ ಹೇಳತೊಡಗಿದಳು. ಏನೆಂದು ಯಾರಿಗೂ ಕೇಳಿಸಲಿಲ್ಲ. ನೆತ್ತಿಯ ಮೇಲಿನ ಬಿಸಿಲು ಪೆಟ್ಟಿಗೆಯ ಮುಚ್ಚಳದ ಮೇಲೆ ಅಂಗುಲ ಅಂಗುಲವಾಗಿ ಸರಿಯಿತು. ಅವಳು ಮುಗಿಸಲಿಲ್ಲ. ಈಗ ಹಾಕಿ ಎಂದಾಗಲಿ, ಬೇಡ ಎಂದಾಗಲಿ ಸಾಹೇಬರಿಗೆ ಯಾರೂ ಹೇಳಲಿಲ್ಲ. ಅವರು ಎದೆಮಟ್ಟಕ್ಕೆ ಎತ್ತಿದ ಮುಷ್ಟಿಯನ್ನು ಬಿಗಿಹಿಡಿದು ನಿಂತೇ ಇದ್ದರು. ಒಳಗಿನ ಮಣ್ಣು ಬೆವರಿಗೆ ನೆನೆದು ಕೆಸರಾಗಿ, ಬೆರಳ ಸಂದಿನಿಂದ ಕೋಟಿನ ತೋಳಿನೊಳಕ್ಕೆ ಇಳಿಯುತ್ತಿತ್ತು.